ಯಾರ್ದೋ ದುಡ್ಡು ಎಲ್ಲಮ್ಮನ ಜಾತ್ರೆ: ಟ್ಯಾಕ್ಸು, ದುಂದುವೆಚ್ಚದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಲ್ಲಿ ಅಂಗಡಿ, ಹೋಟ್ಲು, ಹಾರ್ಡ್‌ವೇರ್ ಶಾಪ್‌ನೋರ ಲೆಕ್ಕ ಬರ್ಕೊಡೋನು, ಜಿಎಸ್‌ಟಿ ರಿಟರ್ನ್ ಹಾಕೋನು. ತಿಂಗಳಿನ 20ನೇ ತಾರೀಖು ಹತ್ರ ಬಂದ್ರೆ ಸಾಕು, ಚಲನ್ ಕೈಗೆ ಕೊಡ್ತಿದ್ದ ಹಾಗೇ ಎಲ್ರೂ ಅದೇ ಪುರಾಣ ಶುರು ಮಾಡ್ತಾರೆ, "ಸಾರ್ ನಾವು ಕಟ್ತಾನೇ ಇರೋದು, ಅವ್ರು ತಿಂತಾನೇ ಇರೋದು" ಅಂತ. ಹತ್ತು ಜನಕ್ಕೆ ಹತ್ತು ಸಲ ಉತ್ತರ ಹೇಳಿ ಹೇಳಿ ಬಾಯಿ ನೋಯ್ತು, ಅದಕ್ಕೇ ಒಂದೇ ಕಡೆ ಬರ್ದಿಟ್ಟಿದೀನಿ. ಯಾವ ಪಾರ್ಟಿ ಅಂತ ದಯವಿಟ್ಟು ಕೇಳ್ಬೇಡಿ, ಕೆಳಗೆ ಎಲ್ಲಾ ಪಾರ್ಟಿಯೋರಿಗೂ ಒಂದೊಂದು ಸಿಗುತ್ತೆ.

ನಾನು ಇನ್‌ಕಮ್ ಟ್ಯಾಕ್ಸೇ ಕಟ್ಟಲ್ಲ. ನಂಗೆ ಈ ವಿಷ್ಯ ಮಾತಾಡೋ ಹಕ್ಕಿದ್ಯಾ?

ಇದನ್ನ ಮೊದಲನೇ ಪ್ರಶ್ನೆಯಾಗಿ ಇಟ್ಟಿರೋದು ಬೇಕಂತಲೇ. ನಮ್ಮಲ್ಲಿ ಟ್ಯಾಕ್ಸ್‌ಪೇಯರ್ ಅಂದ್ರೆ ಟೈ ಹಾಕ್ಕೊಂಡು ಫಾರ್ಮ್ 16 ಹಿಡ್ಕೊಂಡಿರೋನು ಅಂತ ಒಂದು ಚಿತ್ರ ಕೂತ್ಬಿಟ್ಟಿದೆ. 2024ರಲ್ಲಿ ಜುಲೈ 31ರೊಳಗೆ ಇಡೀ ದೇಶದಲ್ಲಿ ಬಂದ ರಿಟರ್ನ್ 7.28 ಕೋಟಿ, ಅದರಲ್ಲೂ ಬಹಳಷ್ಟು ಜನ ರಿಟರ್ನ್ ಹಾಕ್ತಾರೆ ಅಷ್ಟೇ, ಟ್ಯಾಕ್ಸ್ ಸೊನ್ನೆ. 2025-26ರಿಂದ ಹೊಸ ಪದ್ಧತೀಲಿ 12 ಲಕ್ಷದವರೆಗೂ ಕಟ್ಟೋ ಹಾಗಿಲ್ಲ ಅಂದ್ಮೇಲೆ ಇನ್ನೂ ಕಮ್ಮಿ ಆಗುತ್ತೆ. ಹಂಗಂತ ಉಳಿದೋರೆಲ್ಲ ಬಿಟ್ಟಿ ಬದುಕ್ತಿದಾರಾ?

ಬೆಳಗ್ಗೆ ಎದ್ದು ಮೈಗೆ ಸೋಪು ಹಚ್ಕೊಂಡ್ರಿ. 2025ರ ಸೆಪ್ಟೆಂಬರ್ 22ರ ತನಕ ಅದಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಇತ್ತು, ಆಮೇಲೆ 5 ಆಯ್ತು. 40 ರೂಪಾಯಿ ಸೋಪಲ್ಲಿ ಮುಂಚೆ ಹತ್ತತ್ರ 6 ರೂಪಾಯಿ ಟ್ಯಾಕ್ಸ್, ಈಗ 1 ರೂಪಾಯಿ 90 ಪೈಸೆ, ಅದರಲ್ಲಿ ಅರ್ಧ ದೆಹಲಿಗೆ ಅರ್ಧ ಬೆಂಗಳೂರಿಗೆ. ಆ ಸೋಪನ್ನ ನಮ್ಮನೆ ಪಾತ್ರೆ ತೊಳೆಯೋ ಅಕ್ಕ ತಗೊಂಡ್ರೂ ಅಷ್ಟೇ, ಕೋರಮಂಗಲದ ಸಾಫ್ಟ್‌ವೇರ್ ಕಂಪನಿ ಮಾಲೀಕ ತಗೊಂಡ್ರೂ ಅಷ್ಟೇ. ಆಮೇಲೆ ಗಾಡಿಗೆ ಪೆಟ್ರೋಲ್, ಮೊಬೈಲಿಗೆ ರೀಚಾರ್ಜ್, ಸಂಜೆ ಕ್ವಾರ್ಟರ್ ಹಾಕೋರಾದ್ರೆ ಅದಕ್ಕೂ. ಸಂಬಳದಲ್ಲಿ ಕಟ್ ಆಗೋದು ಕಣ್ಣಿಗೆ ಕಾಣುತ್ತೆ, ಸೋಪಲ್ಲಿ ಕಟ್ ಆಗೋದು ಕಾಣಲ್ಲ ಅಷ್ಟೇ ವ್ಯತ್ಯಾಸ. ಹಾಗಾಗಿ ಧಾರಾಳವಾಗಿ ಮಾತಾಡಿ.

ನಾವು ದುಡಿದು ಕಟ್ಟಿದ ದುಡ್ಡನ್ನ ಗ್ಯಾರಂಟಿ ಅಂತ ಹಂಚಿ ರಾಜ್ಯ ದಿವಾಳಿ ಮಾಡಿದ್ರಂತೆ, ನಿಜಾನಾ?

ದಿನಕ್ಕೆ ನಾಕು ಸಲ ಕೇಳೋ ಪ್ರಶ್ನೆ ಇದು, ಕೇಳೋರ ಮನೇಲೇ ಗೃಹಲಕ್ಷ್ಮಿ ಬರ್ತಿರುತ್ತೆ ಅದು ಬೇರೆ ಮಾತು.

2025-26ರ ರಾಜ್ಯ ಬಜೆಟ್ 4,09,549 ಕೋಟಿ. ಅದರಲ್ಲಿ ಐದು ಗ್ಯಾರಂಟಿಗೆ ಇಟ್ಟಿದ್ದು 51,034 ಕೋಟಿ. ಅಂದ್ರೆ ನೂರು ರೂಪಾಯಿ ಖರ್ಚಲ್ಲಿ ಹನ್ನೆರಡೂವರೆ. ಆ ಹನ್ನೆರಡೂವರೇಲಿ ಅರ್ಧಕ್ಕಿಂತ ಜಾಸ್ತಿ ಗೃಹಲಕ್ಷ್ಮಿ ಒಂದಕ್ಕೇ, 28,608 ಕೋಟಿ. ಸಣ್ಣ ಮೊತ್ತ ಅಂತ ನಾನು ಹೇಳಲ್ಲ, ದೊಡ್ಡದೇ. ಆದ್ರೆ ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಿ: 2024ರ ಆಗಸ್ಟ್‌ನಿಂದ ಸರ್ಕಾರಿ ನೌಕರರಿಗೆ 7ನೇ ವೇತನ ಆಯೋಗದ್ದು ಜಾರಿ ಆಯ್ತಲ್ಲ, ಅದರಿಂದ ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಅಂತ ಸರ್ಕಾರಾನೇ ಹೇಳಿತ್ತು. ಅದನ್ನ ಯಾರೂ ಬಿಟ್ಟಿ ಅನ್ನಲಿಲ್ಲ. ನೌಕರರು ಕೆಲಸ ಮಾಡ್ತಾರೆ ಸಾರ್ ಅಂತೀರಾ, ಸರಿ, ಒಪ್ಕೋತೀನಿ, ಎಲ್ಲಾರೂ ಮಾಡ್ತಾರೆ ಅಂತ ಮಾತ್ರ ಎದೆ ಮುಟ್ಕೊಂಡು ಹೇಳ್ಬೇಡಿ.

ನಂಗೆ ಗ್ಯಾರಂಟಿ ಬಗ್ಗೆ ನಿಜವಾದ ತಕರಾರಿರೋದು ಬೇರೆ ಕಡೆ. ಪರಿಶಿಷ್ಟ ಜಾತಿ, ಪಂಗಡದ ಅಭಿವೃದ್ಧಿಗೇ ಅಂತ 2013ರಲ್ಲಿ ಕಾನೂನು ಮಾಡಿ ತೆಗೆದಿಟ್ಟ ಹಣ ಇದೆ, ಎಸ್‌ಸಿಎಸ್‌ಪಿ ಟಿಎಸ್‌ಪಿ ಅಂತಾರೆ. 2023-24ರಲ್ಲಿ ಅದರಿಂದ 11 ಸಾವಿರ ಕೋಟಿ ಮೀರಿ ಗ್ಯಾರಂಟಿಗಳ ಲೆಕ್ಕಕ್ಕೆ ಹೋಯ್ತು. ಫಲಾನುಭವಿಗಳಲ್ಲಿ ಆ ಸಮುದಾಯದೋರೂ ಇದಾರಲ್ಲ ಅನ್ನೋದು ಸರ್ಕಾರದ ಸಮಜಾಯಿಷಿ. ಅಲ್ಲ ಸ್ವಾಮಿ, ಎಲ್ರಿಗೂ ಕೊಡೋದನ್ನ ಅವ್ರಿಗೂ ಕೊಟ್ಟು ಅವ್ರ ಪಾಲಿನ ಡಬ್ಬಿಯಿಂದಾನೇ ದುಡ್ಡು ತೆಗ್ದ್ರೆ, ಹಾಸ್ಟೆಲ್ಲು, ಕೊಳವೆಬಾವಿ, ಸ್ಕಾಲರ್‌ಶಿಪ್ ಎಲ್ಲಿಂದ ಬರ್ಬೇಕು? ಈ ಪ್ರಶ್ನೇನ ಟೀವಿ ಚರ್ಚೇಲಿ ಕೇಳೋರು ಕಮ್ಮಿ, ಎಲ್ಲಾ ಬಸ್ಸಲ್ಲಿ ಹೆಂಗಸ್ರು ಧರ್ಮಸ್ಥಳಕ್ಕೆ ಹೋದ್ರಾ ಇಲ್ವಾ ಅನ್ನೋದ್ರಲ್ಲೇ ಮುಳುಗಿದಾರೆ.

ಆ ಬಸ್ಸಿನ ವಿಷ್ಯಾನೇ ಹೇಳಿ ಮತ್ತೆ.

ಶಕ್ತಿ ಶುರುವಾಗಿದ್ದು 2023ರ ಜೂನ್ 11ಕ್ಕೆ. 2025-26ಕ್ಕೆ ಇಟ್ಟಿದ್ದು 5,300 ಕೋಟಿ. ನಮ್ಮ ಆಫೀಸ್ ಗುಡ್ಸೋಕೆ ಬರೋರು ಗುಬ್ಬಿ ಕಡೆಯಿಂದ ದಿನಾ ಬರ್ತಾರೆ, ಮುಂಚೆ ಬಸ್ ಚಾರ್ಜಿಗೆ ಹೆದರಿ ಊರಲ್ಲೇ ಕಡಿಮೆ ಕೂಲಿಗೆ ಹೋಗ್ತಿದ್ರು. ನಂಗೆ ಇದು ವೇಸ್ಟ್ ಅನ್ಸಲ್ಲ. ಬಸ್ಸಿನ ಸಂಖ್ಯೆ ಸಾಲದೆ ಗಂಡಸ್ರು ಮಕ್ಳು ಬಾಗಿಲಲ್ಲಿ ನೇತಾಡೋದು ನಿಜ, ಸಾರಿಗೆ ನಿಗಮಗಳಿಗೆ ಸರ್ಕಾರ ದುಡ್ಡು ಬಾಕಿ ಇಟ್ಕೊಳೋದೂ ನಿಜ. ಬೈಯ್ಯೋದಾದ್ರೆ ಅದಕ್ಕೆ ಬೈರಿ.

ಬಿಟ್ಟಿ ಕೊಡೋದು ಒಂದೇ ಪಾರ್ಟಿ ಅಲ್ವಾ?

ಅಲ್ಲ. 2022ರ ಜುಲೈನಲ್ಲಿ ಪ್ರಧಾನಿಗಳು ಉತ್ತರ ಪ್ರದೇಶದಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಮಾಡ್ತಾ 'ರೇವ್ಡಿ' (ಎಳ್ಳಿನ ಮಿಠಾಯಿ, ಅಂದ್ರೆ ಬಿಟ್ಟಿ ಕೊಡುಗೆ) ಹಂಚೋ ಸಂಸ್ಕೃತಿ ಡೇಂಜರ್ ಅಂದಿದ್ರು. ಮರುವರ್ಷ ಮಧ್ಯಪ್ರದೇಶದಲ್ಲಿ ಅವ್ರದ್ದೇ ಪಕ್ಷ ಹೆಂಗಸ್ರ ಖಾತೆಗೆ ತಿಂಗಳು ತಿಂಗಳು ದುಡ್ಡು ಹಾಕೋ ಲಾಡ್ಲಿ ಬೆಹನಾ ತಂತು, 2024ರಲ್ಲಿ ಮಹಾರಾಷ್ಟ್ರದಲ್ಲಿ ಅವ್ರ ಮೈತ್ರಿ ಸರ್ಕಾರ ಲಾಡ್ಕಿ ಬಹೀಣ್ ತಂತು. ಇಲ್ಲಿ ಗೃಹಲಕ್ಷ್ಮಿ. ತಟ್ಟೆ ಬೇರೆ, ಊಟ ಒಂದೇ.

ನಾವು ದೆಹಲಿಗೆ ನೂರು ಕೊಟ್ರೆ ವಾಪಸ್ ಬರೋದು ಹದಿಮೂರು ಅಂತಾರಲ್ಲ, ಅದು ಸರಿನಾ?

ಈ ಲೆಕ್ಕ ಒಬ್ಬೊಬ್ರು ಒಂದೊಂಥರಾ ಮಾಡ್ತಾರೆ. ಬೆಂಗಳೂರಲ್ಲಿ ಹೆಡ್ ಆಫೀಸ್ ಇಟ್ಕೊಂಡು ದೇಶಪೂರ್ತಿ ವ್ಯಾಪಾರ ಮಾಡೋ ಕಂಪನಿ ಕಟ್ಟೋ ಟ್ಯಾಕ್ಸ್ ಎಲ್ಲಾ ಕರ್ನಾಟಕದ್ದೇ ಅಂತ ಹಿಡೀಬೇಕಾ, ಕೇಂದ್ರದೋರು ಇಲ್ಲಿ ಹಾಕೋ ರೈಲು ಹೈವೇ ಖರ್ಚನ್ನ ವಾಪಸ್ ಬಂದಿದ್ದು ಅಂತ ಸೇರಿಸ್ಬೇಕಾ, ಇದ್ರ ಮೇಲೆ ಹದಿಮೂರೂ ಆಗುತ್ತೆ ಇಪ್ಪತ್ತೂ ಆಗುತ್ತೆ. ಹಾಗಾಗಿ ನಾನು ಆ ಸ್ಲೋಗನ್ ಬಿಟ್ಟು ಜಗಳಕ್ಕೆ ಎಡೆ ಇಲ್ಲದ ಅಂಕಿ ಹೇಳ್ತೀನಿ.

ಕೇಂದ್ರದ ತೆರಿಗೇಲಿ ಹಂಚೋ ಭಾಗ ಅಂತ ಒಂದು ಪೂಲ್ ಇದೆ. ಅದನ್ನ ಹೆಂಗೆ ಹಂಚ್ಬೇಕು ಅಂತ ಹೇಳೋದು ಹಣಕಾಸು ಆಯೋಗ. 15ನೇ ಆಯೋಗ ಅದರಲ್ಲಿ ನೂರಕ್ಕೆ 41 ರಾಜ್ಯಗಳಿಗೆ ಅಂತು. ಆ 41ರಲ್ಲಿ ಕರ್ನಾಟಕದ ಪಾಲು 14ನೇ ಆಯೋಗದಲ್ಲಿ 4.713 ಪರ್ಸೆಂಟ್ ಇದ್ದಿದ್ದು 3.647ಕ್ಕೆ ಇಳೀತು. ಮನೆ ಲೆಕ್ಕದಲ್ಲಿ ಹೇಳೋದಾದ್ರೆ, ಪೂಲಲ್ಲಿರೋ ಪ್ರತಿ ನೂರು ರೂಪಾಯಿಗೆ ಮುಂಚೆ ನಮಗೆ ಹತ್ತತ್ರ ಎರಡು ರೂಪಾಯಿ ಬರ್ತಿತ್ತು, ಆಮೇಲೆ ಒಂದೂವರೆ ಆಯ್ತು. 2025-26ರ ಕೇಂದ್ರ ಬಜೆಟ್ ಪ್ರಕಾರ ಒಟ್ಟು ಕೈಗೆ ಸೇರೋದು 51 ಸಾವಿರ ಕೋಟಿ ಚಿಲ್ಲರೆ. ಕಾರಣ ಏನಪ್ಪಾ ಅಂದ್ರೆ ಸೂತ್ರದಲ್ಲಿ 45 ಪರ್ಸೆಂಟ್ ತೂಕ ಇದ್ದಿದ್ದು ತಲಾದಾಯದ ಅಂತರಕ್ಕೆ, ಅಂದ್ರೆ ಬಡ ರಾಜ್ಯಕ್ಕೆ ಹೆಚ್ಚು. ಇದು ತಪ್ಪು ಅಂತ ನಾನು ಹೇಳಲಾರೆ, ಬೆಂಗಳೂರಿಂದ ರಾಯಚೂರಿಗೆ, ಕಲಬುರಗಿಗೆ ದುಡ್ಡು ಹೋಗ್ಬೇಕು ಅಂತ ನಾವೇ ಕೇಳ್ತೀವಿ, ಅದೇ ನ್ಯಾಯ ಬಿಹಾರಕ್ಕೆ ಬೇಡ ಅನ್ನೋದು ಹೆಂಗೆ? ಆದ್ರೆ ಒಂದೇ ಏಟಿಗೆ ಅಷ್ಟು ಇಳಿದ್ರೆ ಕಷ್ಟ ಅಂತ ಅದೇ ಆಯೋಗ ಮಧ್ಯಂತರ ವರದೀಲಿ ಕರ್ನಾಟಕಕ್ಕೆ 5,495 ಕೋಟಿ ವಿಶೇಷ ಅನುದಾನ ಕೊಡಿ ಅಂದಿತ್ತು, ಕೇಂದ್ರ ಅದನ್ನ ಕೊಡಲೇ ಇಲ್ಲ. ಸಿಟ್ಟು ಬರೋದು ಇಲ್ಲಿ.

ಇನ್ನೊಂದು, ನಂಗೆ ಇದೇ ದೊಡ್ಡ ಮೋಸ ಅನ್ಸೋದು: ಸೆಸ್ಸು ಮತ್ತೆ ಸರ್‌ಚಾರ್ಜು. ಟ್ಯಾಕ್ಸ್ ಜೊತೆ ಮೇಲಿಂದ ಹಾಕೋ ಇವೆರಡೂ ಆ ಹಂಚೋ ಪೂಲಿಗೆ ಬರೋದೇ ಇಲ್ಲ, ಪೂರ್ತಿ ಕೇಂದ್ರದ್ದು. ಪೆಟ್ರೋಲ್ ನೋಡಿ, 2022ರ ಮೇ ಇಂದ 2025ರ ಏಪ್ರಿಲ್‌ವರೆಗೆ ಲೀಟರಿಗೆ ಕೇಂದ್ರದ ಸುಂಕ 19 ರೂಪಾಯಿ 90 ಪೈಸೆ. ಅದರಲ್ಲಿ ರಾಜ್ಯಗಳ ಜೊತೆ ಹಂಚ್ಕೊಳೋ ಮೂಲ ಸುಂಕ ಬರೀ 1 ರೂಪಾಯಿ 40 ಪೈಸೆ! ಉಳಿದಿದ್ದೆಲ್ಲ ಸೆಸ್ಸು, ವಿಶೇಷ ಹೆಚ್ಚುವರಿ ಸುಂಕ ಅಂತ ಹೆಸರು. ಆ 1.40ರಲ್ಲಿ 41 ಪರ್ಸೆಂಟ್, ಅಂದ್ರೆ 57 ಪೈಸೇನ ಎಲ್ಲಾ ರಾಜ್ಯಗಳೂ ಹಂಚ್ಕೊಬೇಕು. ಮನೆ ಯಜಮಾನ ಬೆಣ್ಣೆ ಎಲ್ಲಾ ತನ್ನ ಕೋಣೇಲಿಟ್ಟು ಮಜ್ಜಿಗೇನ ಮಾತ್ರ ನ್ಯಾಯವಾಗಿ ಪಾಲು ಮಾಡಿದಂಗೆ.

ಹಂಗಂತ ರಾಜ್ಯದೋರೇನು ಸಾಚಾ ಅಲ್ಲ. 2024ರ ಫೆಬ್ರವರಿ 7ಕ್ಕೆ ಮುಖ್ಯಮಂತ್ರಿ, ಮಂತ್ರಿಗಳೆಲ್ಲ ಜಂತರ್ ಮಂತರ್‌ನಲ್ಲಿ ನನ್ನ ತೆರಿಗೆ ನನ್ನ ಹಕ್ಕು ಅಂತ ಕೂತ್ರು, ಸರಿ. ಅದೇ ವರ್ಷ ಜೂನ್ 15ಕ್ಕೆ ಪೆಟ್ರೋಲ್ ಮೇಲಿನ ರಾಜ್ಯದ ತೆರಿಗೆ 25.92ರಿಂದ 29.84 ಪರ್ಸೆಂಟಿಗೆ ಏರಿಸಿದ್ರು, ಲೀಟರಿಗೆ 3 ರೂಪಾಯಿ. ಬಂಕಲ್ಲಿ ನಿಂತೋನಿಗೆ ಎರಡೂ ಒಂದೇ ಜೇಬಿಂದ ಹೋಗುತ್ತೆ.

ಈಗ 16ನೇ ಆಯೋಗದ ಕಾಲ, 2026ರ ಏಪ್ರಿಲ್‌ನಿಂದ ಐದು ವರ್ಷ, ಅದಕ್ಕೆ ಅಧ್ಯಕ್ಷರಾಗಿದ್ದೋರು ಅರವಿಂದ ಪನಗರಿಯಾ.

ಶಾಸಕರು ಸಂಬಳ ಡಬಲ್ ಮಾಡ್ಕೊಂಡ್ರಲ್ಲ, ಅದು ದುಂದುವೆಚ್ಚ ಅಲ್ವಾ?

2025ರ ಮಾರ್ಚ್ 21. ಸದನದಲ್ಲಿ ಹನಿಟ್ರ್ಯಾಪ್ ಗಲಾಟೆ, ಪೇಪರ್ ಹರಿದು ಎಸೆದಾಟ, ಆ ಗದ್ದಲದ ಮಧ್ಯೆ ಚರ್ಚೆ ಇಲ್ಲದೇ ಬಿಲ್ ಪಾಸ್. ಶಾಸಕರ ಮೂಲ ಸಂಬಳ 40 ಸಾವಿರದಿಂದ 80 ಸಾವಿರ, ಮುಖ್ಯಮಂತ್ರಿಗಳದ್ದು 75 ಸಾವಿರದಿಂದ ಒಂದೂವರೆ ಲಕ್ಷ. ಬೇರೆ ಯಾವುದಕ್ಕೂ ಒಂದಾಗದೋರು ಇದಕ್ಕೆ ಒಂದಾದ್ರು ಅಂತ ಊರೆಲ್ಲ ನಗಾಡ್ತು, ನಾನೂ ನಕ್ಕೆ.

ಆದ್ರೆ ಲೆಕ್ಕ ಬರೆಯೋನು ನೋಡಿ, ಸುಮ್ನಿರಕ್ಕಾಗಲ್ಲ. 224 ವಿಧಾನಸಭೆ, 75 ಪರಿಷತ್ತು, ಒಟ್ಟು 299 ಜನ. ಎಲ್ರಿಗೂ ಶಾಸಕರ ಲೆಕ್ಕದಲ್ಲೇ ತಿಂಗಳಿಗೆ 40 ಸಾವಿರ ಹೆಚ್ಚಾಯ್ತು ಅಂತ ಹಿಡಿದ್ರೆ ವರ್ಷಕ್ಕೆ 14 ಕೋಟಿ 35 ಲಕ್ಷ. ಭತ್ಯೆ, ಪಿಂಚಣಿ ಇನ್ನೂ ಮೇಲೆ ಇದೆ, ಅದನ್ನ ಬಿಟ್ಟು ಹೇಳ್ತಿದೀನಿ. ಈ ಮೂಲ ಸಂಬಳದ ಏರಿಕೆ, ವರ್ಷಕ್ಕೆ ಒಂದು ಲಕ್ಷ ಖರ್ಚು ಮಾಡೋ ಮನೇಲಿ ಮೂರೂವರೆ ರೂಪಾಯಿ ಇದ್ದಂಗೆ. ಒಂದು ಬೆಂಕಿಪೊಟ್ಟಣ. ನಾವು ಆ ಬೆಂಕಿಪೊಟ್ಟಣಕ್ಕೆ ಆರು ತಿಂಗಳು ಬೈದಾಡ್ತೀವಿ, ಹಿತ್ಲಲ್ಲಿ ಅಕ್ಕಿ ಮೂಟೆ ಹೋಗೋದನ್ನ ನೋಡೋದಿಲ್ಲ. ನಾಚಿಕೆಗೇಡಿನ ಕೆಲಸ ಹೌದು, ಖಜಾನೆ ಮುಳುಗೋದು ಇದರಿಂದ ಅಲ್ಲ.

ಹಾಗಾದ್ರೆ ಯಾವುದಪ್ಪ ವೇಸ್ಟು?

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನಾವು ಮೂರು ಬೇರೆ ಬೇರೆ ವಿಷ್ಯಾನ ಒಂದೇ ಚೀಲಕ್ಕೆ ತುಂಬ್ತೀವಿ.

ಒಂದು ನಮಗೆ ಇಷ್ಟವಿಲ್ಲದ ಖರ್ಚು. ವಿಧಾನಸೌಧ ಕಟ್ಟಿದಾಗ ಹತ್ತತ್ರ ಒಂದು ಮುಕ್ಕಾಲು ಕೋಟಿ ಆಯ್ತು, ಆಗಿನ ಕಾಲಕ್ಕೆ ದೊಡ್ಡ ದುಡ್ಡು, ಕೆಂಗಲ್ ಹನುಮಂತಯ್ಯನೋರ ಮೇಲೆ ದುಂದುವೆಚ್ಚ ಅಂತ ಗಲಾಟೆ ಎದ್ದು ವಿಚಾರಣಾ ಸಮಿತೀನೂ ಕೂತಿತ್ತು. ಇವತ್ತು ಅದ್ರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ಳದ ಕನ್ನಡಿಗ ಯಾರಿದಾನೆ? ತಮಾಷೆ ಏನು ಅಂದ್ರೆ ಅದೇ ಕಟ್ಟಡದ ವಜ್ರಮಹೋತ್ಸವಕ್ಕೆ 2017ರಲ್ಲಿ 27 ಕೋಟಿ ಹತ್ರದ ಪ್ರಸ್ತಾವ ಹೋಗಿತ್ತು, ಶಾಸಕರಿಗೆ ಚಿನ್ನದ ಬಿಸ್ಕತ್ತು ಕೊಡೋ ಐಡಿಯಾ ಬೇರೆ. ಜನ ಉಗಿದ್ಮೇಲೆ ಬಿಸ್ಕತ್ತು ಹೋಯ್ತು, ಖರ್ಚು 10 ಕೋಟಿಗೆ ಇಳೀತು. ಕಟ್ಟಿದ್ದು ವೇಸ್ಟ್ ಅಲ್ಲ, ಕಟ್ಟಿದ್ದಕ್ಕೆ ಹಬ್ಬ ಮಾಡೋದು ವೇಸ್ಟ್, ನನ್ನ ಪ್ರಕಾರ.

ಇದೇ ಥರದ್ದು 2025ರ ಮೇನಲ್ಲಿ ಬಂತಲ್ಲ, ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ರಾಯಭಾರಿ, ಎರಡು ವರ್ಷಕ್ಕೆ 6 ಕೋಟಿ 20 ಲಕ್ಷ. ಕನ್ನಡದ ನಟಿ ಯಾಕಿಲ್ಲ ಅಂತ ಕೇಳಿದ್ದು ನ್ಯಾಯವಾದ ಪ್ರಶ್ನೆ. ಆದ್ರೆ ಅದು ನಿಮ್ಮ ಟ್ಯಾಕ್ಸ್ ದುಡ್ಡಲ್ಲ, ಆ ಸೋಪು ಮಾಡೋ, ಲಾಭದಲ್ಲಿರೋ ಸರ್ಕಾರಿ ಕಂಪನಿ ಕೆಎಸ್‌ಡಿಎಲ್ ತನ್ನ ವ್ಯಾಪಾರದ ದುಡ್ಡಲ್ಲಿ ಮಾಡಿದ ಜಾಹೀರಾತು. ಹೊರ ರಾಜ್ಯದಲ್ಲಿ ಸೋಪು ಜಾಸ್ತಿ ಮಾರಾಟ ಆದ್ರೆ ಖರ್ಚು ಸರಿ, ಆಗ್ಲಿಲ್ಲ ಅಂದ್ರೆ ತಪ್ಪು. ಅಂಗಡಿ ಇಟ್ಟಿರೋ ಯಾರಿಗಾದ್ರೂ ಇದು ಅರ್ಥ ಆಗುತ್ತೆ.

ಎರಡನೇದು ಕಳ್ಳತನ. 2024ರಲ್ಲಿ ಬಯಲಿಗೆ ಬಂದ ವಾಲ್ಮೀಕಿ ನಿಗಮದ್ದು, ಪರಿಶಿಷ್ಟ ಪಂಗಡದೋರ ಏಳಿಗೆಗೆ ಇದ್ದ ಖಾತೆಯಿಂದ 187 ಕೋಟಿ ಅನಧಿಕೃತವಾಗಿ ಬೇರೆ ಖಾತೆಗೆ ಹೋಯ್ತು, ಅದರಲ್ಲಿ 89 ಕೋಟಿ ಚಿಲ್ಲರೆ ಅಲ್ಲಿಂದಾನೂ ಹೊರಗೆ ಹೋಯ್ತು ಅಂತ ಮುಖ್ಯಮಂತ್ರಿಗಳೇ ಸದನದಲ್ಲಿ ಒಪ್ಕೊಂಡ್ರು. ಒಬ್ಬ ಅಧಿಕಾರಿ ಜೀವ ಕಳ್ಕೊಂಡ್ರು, ಸಚಿವ ಬಿ. ನಾಗೇಂದ್ರ ರಾಜೀನಾಮೆ ಕೊಟ್ರು. ಇದನ್ನ ದುಂದುವೆಚ್ಚ ಅಂತ ಕರೆಯೋದು ಜೇಬುಗಳ್ಳತನಕ್ಕೆ ಧಾರಾಳತನ ಅಂದಂಗೆ. ಇದಕ್ಕೆ ಪೊಲೀಸು, ಇಡಿ, ಕೋರ್ಟು ಇದಾವೆ.

ಮೂರನೇದೇ ಅಕ್ಕಿ ಮೂಟೆ. ಯಾರೂ ಕದ್ದಿಲ್ಲ ಅಂತ ಪೇಪರ್ ಹೇಳುತ್ತೆ, ಟೆಂಡರ್ ಇದೆ, ಬಿಲ್ ಇದೆ, ಸಹಿ ಇದೆ, ಆದ್ರೆ ದುಡ್ಡು ಮಣ್ಣಿಗೆ. ಅದಕ್ಕೆ ಬೇರೆ ಪ್ರಶ್ನೇನೇ ಮಾಡಿದೀನಿ, ಮುಂದೆ ನೋಡಿ.

ಮಾರ್ಚ್ ಬಂದ್ರೆ ಚೆನ್ನಾಗಿರೋ ರಸ್ತೇನ ಯಾಕೆ ಅಗೀತಾರೆ?

ಹಣಕಾಸು ವರ್ಷ ಮುಗಿಯೋದು ಮಾರ್ಚ್ 31ಕ್ಕೆ. ಇಲಾಖೆಗೆ ಕೊಟ್ಟ ಅನುದಾನ ಅಷ್ಟರೊಳಗೆ ಖರ್ಚಾಗ್ಲಿಲ್ಲ ಅಂದ್ರೆ ಲ್ಯಾಪ್ಸ್, ವಾಪಸ್ ಹೋಗುತ್ತೆ. ಬರೀ ವಾಪಸ್ ಹೋದ್ರೆ ಪರ್ವಾಗಿಲ್ಲ, ಮುಂದಿನ ಬಜೆಟ್‌ನಲ್ಲಿ "ಹೋದ ಸಲ ಕೊಟ್ಟಿದ್ದೇ ಖರ್ಚು ಮಾಡಿಲ್ಲ, ಈ ಸಲ ಯಾಕೆ ಬೇಕು" ಅಂತ ಕತ್ತರಿ ಬೀಳುತ್ತೆ. ಮಿತವಾಗಿ ಖರ್ಚು ಮಾಡಿದ ಇಲಾಖೆಗೆ ಶಿಕ್ಷೆ, ಉಡಾಯ್ಸಿದ ಇಲಾಖೆಗೆ ಬಹುಮಾನ, ವ್ಯವಸ್ಥೇನೇ ಹಂಗಿದೆ. ಅದಕ್ಕೆ ಫೆಬ್ರವರಿವರೆಗೂ ಮಲಗಿದ್ದ ಫೈಲು ಮಾರ್ಚ್‌ನಲ್ಲಿ ಎದ್ದು ಓಡುತ್ತೆ. ಕೇಂದ್ರದ ಹಣಕಾಸು ಸಚಿವಾಲಯ ತನ್ನ ಇಲಾಖೆಗಳಿಗೆ ಕೊನೇ ಮೂರು ತಿಂಗಳಲ್ಲಿ 33 ಪರ್ಸೆಂಟ್, ಮಾರ್ಚ್ ಒಂದರಲ್ಲೇ 15 ಪರ್ಸೆಂಟ್ ಮೀರಬಾರ್ದು ಅಂತ ಮಿತಿ ಹಾಕಿದೆ, ಅಂದ್ರೆ ಕಾಯಿಲೆ ಎಷ್ಟು ಹಳೇದು ನೋಡಿ.

ನಮ್ಮ ಬೀದೀದೇ ಕಥೆ ಹೇಳ್ತೀನಿ, ಊರು ಕೇಳ್ಬೇಡಿ ಬೀದಿ ಕೇಳ್ಬೇಡಿ. ಮಾರ್ಚ್ ಕೊನೇ ವಾರ ರಾತ್ರಿ ಹತ್ತು ಗಂಟೆಗೆ ಡಾಂಬರು ಹಾಕಿದ್ರು, ನಮ್ಮಮ್ಮ ಪಾಪ ಅಷ್ಟೊತ್ತಲ್ಲಿ ಕೆಲಸ ಮಾಡ್ತಾರಲ್ಲ ಅಂತ ಕೂಲಿಯೋರಿಗೆ ಕಾಫಿ ಬೇರೆ ಕೊಟ್ರು. ಮೇ ತಿಂಗಳಲ್ಲಿ ಕುಡಿಯೋ ನೀರಿನ ಪೈಪಿನೋರು ಬಂದು ಅದನ್ನೇ ಉದ್ದಕ್ಕೆ ಅಗೆದ್ರು. ಆಗಸ್ಟ್‌ನಲ್ಲಿ ಚರಂಡಿಯೋರು. ಮೂರೂ ಬೇರೆ ಬೇರೆ ಹೆಡ್‌ನ ದುಡ್ಡು, ಮೂರಕ್ಕೂ ಮೆಷರ್‌ಮೆಂಟ್ ಬುಕ್, ಅಂದ್ರೆ ಕೆಲಸದ ಅಳತೆ ಬರೆಯೋ ಪುಸ್ತಕ, ಸರಿಯಾಗೇ ಇರುತ್ತೆ, ಆಡಿಟ್‌ನೋರು ಬಂದ್ರೆ ಯಾವ ಪುಟದಲ್ಲೂ ತಪ್ಪು ಸಿಗಲ್ಲ. ಒಂದೇ ದಿನ ಮೂರು ಇಂಜಿನಿಯರ್ ಒಂದು ಟೇಬಲ್ ಸುತ್ತ ಕೂತಿದ್ರೆ ಉಳೀತಿದ್ದ ದುಡ್ಡು ಅದು. ಅಮ್ಮ ಚರಂಡಿಯೋರಿಗೆ ಕಾಫಿ ಕೊಡ್ಲಿಲ್ಲ.

ಟೆಂಡರ್ ಕರೀಲೇಬೇಕು ಅಂತ ಕಾನೂನು ಇಲ್ವಾ?

ಇದೆ. 1999ರ ಕೆಟಿಟಿಪಿ ಅಂತ ಬಾಯ್ತಪ್ಪಿ ಹೇಳ್ತಾರೆ, ಸರಿಯಾದ್ದು ಕೆಟಿಪಿಪಿ, ಅಂದ್ರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಆದ್ರೆ ಅದೇ ಕಾಯ್ದೆಯ 4ನೇ ಸೆಕ್ಷನ್ನಲ್ಲಿ ಯಾವ್ಯಾವಾಗ ಟೆಂಡರ್ ಬೇಡ ಅನ್ನೋ ಪಟ್ಟಿ ಇದೆ. ನೆರೆ, ಭೂಕುಸಿತ ಅಂತ ತುರ್ತಿದ್ರೆ ಸರಿ. 4(ಜಿ) ಅನ್ನೋದು ಇದೆಯಲ್ಲ, ಅದು ಸರ್ಕಾರ ಅಧಿಸೂಚನೆ ಹೊರಡಿಸಿ ಇಂಥಾ ಕೆಲಸಕ್ಕೆ ವಿನಾಯ್ತಿ ಅನ್ನೋದು. ಪೇಪರ್‌ನಲ್ಲಿ "4ಜಿ ವಿನಾಯ್ತಿ" ಅಂತ ಕಂಡ್ರೆ ಮೊಬೈಲ್ ನೆಟ್‌ವರ್ಕ್ ಅನ್ಕೋಬೇಡಿ, ಆ ಸುದ್ದೀನ ಪೂರ್ತಿ ಓದಿ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘದ ಅಧ್ಯಕ್ಷರಾಗಿದ್ದ ಡಿ. ಕೆಂಪಣ್ಣ ಪ್ರಧಾನಿಗೆ ಪತ್ರ ಬರೆದು 40 ಪರ್ಸೆಂಟ್ ಕಮಿಷನ್ ಆರೋಪ ಮಾಡಿದ್ರು, ಅದ್ರ ಮೇಲೆ ಒಂದು ಚುನಾವಣೇನೇ ನಡೀತು. ಸರ್ಕಾರ ಬದಲಾಯ್ತು. ಬಾಕಿ ಬಿಲ್ ಕೊಡಿ ಅಂತ ಗುತ್ತಿಗೆದಾರರು ಕೂಗೋದು ಮಾತ್ರ ನಿಂತಿಲ್ಲ.

ಬೇಕರಿ, ತರಕಾರಿ ಅಂಗಡಿಯೋರಿಗೆ ಲಕ್ಷಗಟ್ಲೆ ನೋಟಿಸ್ ಬಂತಲ್ಲ, ದೊಡ್ಡೋರ್ನ ಬಿಟ್ಟು ಇವ್ರನ್ನ ಹಿಡಿಯೋದಾ?

2025ರ ಜುಲೈ ನನ್ನ ಜೀವನದಲ್ಲಿ ಮರೆಯಲ್ಲ, ಒಂದು ವಾರ ಫೋನ್ ಕೆಳಗಿಡೋಕೆ ಬಿಡ್ಲಿಲ್ಲ. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ನಾಕು ವರ್ಷದ ಯುಪಿಐ ಲೆಕ್ಕ ತರಿಸ್ಕೊಂಡು, ಸರಕು ಮಾರೋರಿಗೆ 40 ಲಕ್ಷ, ಸರ್ವಿಸ್ ಆದ್ರೆ 20 ಲಕ್ಷ ವಹಿವಾಟು ದಾಟಿ ನೋಂದಣಿ ಮಾಡಿಸದೇ ಇರೋರಿಗೆ ನೋಟಿಸ್ ಕಳ್ಸಿತು. ಹಾವೇರೀಲಿ ತರಕಾರಿ ಮಾರೋರೊಬ್ರಿಗೆ 29 ಲಕ್ಷ ಕಟ್ಟಿ ಅಂತ ಬಂತು. ತಾಜಾ ತರಕಾರಿಗೆ ಜಿಎಸ್‌ಟೀನೇ ಇಲ್ಲ! ಬೆಂಗಳೂರಲ್ಲಿ ಅಂಗಡಿ ಮುಂದೆ ಸ್ಕ್ಯಾನರ್ ಕಿತ್ತು "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಬೋರ್ಡು.

ನನ್ನ ಅಭಿಪ್ರಾಯ ಎರಡು ಕಡೆಯೋರಿಗೂ ಇಷ್ಟ ಆಗಲ್ಲ. ಮಿತಿ ದಾಟಿದ್ರೆ ನೋಂದಣಿ ಮಾಡಿಸ್ಬೇಕು, ಅದು ಕಾನೂನು, ಒಂದೂವರೆ ಕೋಟಿವರೆಗೆ ಕಾಂಪೋಸಿಷನ್ ಅನ್ನೋ ಸ್ಕೀಮಲ್ಲಿ ಅಂಗಡಿಯೋರಿಗೆ ವಹಿವಾಟಿನ ಮೇಲೆ 1 ಪರ್ಸೆಂಟ್ ಅಷ್ಟೇ, ಅದನ್ನ ಮಾಡಿಸಿ ಅಂತ ಎಷ್ಟು ಜನಕ್ಕೆ ನಾನೇ ಹೇಳಿದೀನಿ, "ಆಮೇಲೆ ನೋಡಣ ಬಿಡಿ ಸಾರ್" ಅಂದೋರೇ ಜಾಸ್ತಿ. ಆದ್ರೆ ಇಲಾಖೆಯೋರು ನಾಕು ವರ್ಷ ಕಣ್ಣು ಮುಚ್ಕೊಂಡಿದ್ದು, ಮಗಳ ಮದುವೆಗೆ ಭಾವ ಹಾಕಿದ ಸಾಲದ ದುಡ್ಡನ್ನೂ ವಹಿವಾಟು ಅಂತ ಸೇರಿಸಿ ಒಂದೇ ಕಾಗದದಲ್ಲಿ ಬಡ್ಡಿ ದಂಡ ಸಮೇತ ಕೇಳಿದ್ದು ಯಾವ ನ್ಯಾಯ? ಕೊನೆಗೆ ಬಂದ್ ಕರೆ ಬಂದ್ಮೇಲೆ ಜುಲೈ 23ಕ್ಕೆ ಮುಖ್ಯಮಂತ್ರಿಗಳು ಸಭೆ ಮಾಡಿ ಹಳೇ ಬಾಕಿ ವಸೂಲಿ ಮಾಡಲ್ಲ, ಇನ್ಮೇಲೆ ನೋಂದಣಿ ಮಾಡಿಸಿ ಅಂದ್ರು.

ದೊಡ್ಡೋರ್ನ ಬಿಟ್ಟು ಅನ್ನೋದು ಪೂರ್ತಿ ಸುಳ್ಳೂ ಅಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆ 22 ಪರ್ಸೆಂಟಿಗೆ ಇಳಿಸಿದ್ರು. 2025-26ರ ಕೇಂದ್ರ ಬಜೆಟ್ ಅಂದಾಜಲ್ಲಿ ವೈಯಕ್ತಿಕ ಆದಾಯ ತೆರಿಗೆ 14.38 ಲಕ್ಷ ಕೋಟಿ, ಕಂಪನಿ ತೆರಿಗೆ 10.82 ಲಕ್ಷ ಕೋಟಿ. ಕಂಪನಿಗಳೆಲ್ಲ ಸೇರಿ ಕಟ್ಟೋದಕ್ಕಿಂತ ಜನ ವೈಯಕ್ತಿಕವಾಗಿ ಕಟ್ಟೋದೇ ಜಾಸ್ತಿ.

ಉದ್ಯಮಿಗಳ 16 ಲಕ್ಷ ಕೋಟಿ ಸಾಲ ಮನ್ನಾ ಮಾಡಿದ್ರು ಅಂತ ವಾಟ್ಸಾಪಲ್ಲಿ ಬಂದಿತ್ತು?

ಅಂಕಿ ಸರಿ, ಪದ ತಪ್ಪು. 2014-15ರಿಂದ 2023-24ರವರೆಗೆ ಹತ್ತು ವರ್ಷದಲ್ಲಿ ಬ್ಯಾಂಕುಗಳು 16.35 ಲಕ್ಷ ಕೋಟಿ ರೈಟ್ ಆಫ್ ಮಾಡಿವೆ ಅಂತ ಸಂಸತ್ತಲ್ಲೇ ಉತ್ತರ ಕೊಟ್ಟಿದಾರೆ. ರೈಟ್ ಆಫ್ ಅಂದ್ರೆ ಪುಸ್ತಕದಿಂದ ಪಕ್ಕಕ್ಕಿಡೋದು, ಸಾಲಗಾರ ಇನ್ನೂ ಸಾಲಗಾರನೇ, ವಸೂಲಿ ಕೇಸು ನಡೀತಿರುತ್ತೆ. ವಸೂಲಾಗೋದು ಮಾತ್ರ ಅದರಲ್ಲಿ ಸಣ್ಣ ಭಾಗ, ಹಾಗಾಗಿ ಸಿಟ್ಟು ಸುಳ್ಳಲ್ಲ. ಮನ್ನಾ ಅಂತ ಫಾರ್ವರ್ಡ್ ಮಾಡ್ಬೇಡಿ ಅಷ್ಟೇ.

ಕುಡುಕರ ದುಡ್ಡಲ್ಲೇ ಸರ್ಕಾರ ನಡೀತಿರೋದಾ?

2025-26ಕ್ಕೆ ಅಬಕಾರಿ ಟಾರ್ಗೆಟ್ 40 ಸಾವಿರ ಕೋಟಿ. ರಾಜ್ಯದ ಸ್ವಂತ ತೆರಿಗೆ ಅಂದಾಜು 2 ಲಕ್ಷದ 8 ಸಾವಿರ ಕೋಟಿ. ಐದರಲ್ಲಿ ಒಂದು ಪಾಲಿಗೆ ಚೂರು ಕಮ್ಮಿ. ಗೃಹಲಕ್ಷ್ಮಿ ದುಡ್ಡು ಹೆಂಡ್ತಿ ಖಾತೆಗೆ ಬಂದು ಗಂಡನ ಕೈಯಿಂದ ಬಾರ್‌ಗೆ ಹೋಗಿ ವಾಪಸ್ ಖಜಾನೆಗೆ ಬರುತ್ತೆ ಅಂತ ನಮ್ಮ ಕಕ್ಷಿದಾರರೊಬ್ರು ಹೇಳ್ತಿರ್ತಾರೆ, ಅವ್ರದ್ದೇ ಬಾರ್ ಇರೋದು.

ಸಾಲ ಎಷ್ಟಿದೆ? ಶ್ರೀಲಂಕಾ ಆಗ್ತೀವಾ?

2025-26ರ ಕೊನೆಗೆ ರಾಜ್ಯದ ಸಾಲ 7,64,655 ಕೋಟಿ ಆಗುತ್ತೆ ಅಂತ ಬಜೆಟ್ ಅಂದಾಜು. ಆ ಒಂದೇ ವರ್ಷ 1 ಲಕ್ಷದ 16 ಸಾವಿರ ಕೋಟಿ ಹೊಸ ಸಾಲ. ಕೇಳಿದ್ರೆ ಎದೆ ಧಸಕ್ ಅನ್ನುತ್ತೆ, ಆದ್ರೆ ಸಾಲಾನ ಆದಾಯದ ಜೊತೆ ಇಟ್ಟು ನೋಡ್ಬೇಕು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ, ಅದ್ರ ಪ್ರಕಾರ ಸಾಲ ರಾಜ್ಯದ ಒಟ್ಟು ಉತ್ಪನ್ನದ 25 ಪರ್ಸೆಂಟ್ ದಾಟಬಾರ್ದು. ಬಜೆಟ್ ತೋರಿಸಿರೋದು 24.91. ಗೆರೆ ಮೇಲೆ ಕಾಲಿಟ್ಟು ನಿಂತಿದಾರೆ ಅನ್ನಿ. ಶ್ರೀಲಂಕಾ ಅಲ್ಲ, ಆದ್ರೆ ಆ ಬಜೆಟ್‌ನಲ್ಲಿ 19 ಸಾವಿರ ಕೋಟಿ ಕಂದಾಯ ಕೊರತೆ ಇತ್ತು, ಅಂದ್ರೆ ದಿನದ ಖರ್ಚಿಗೇ ಸಾಲ ತರ್ತಿದಾರೆ. ಮನೆ ಕಟ್ಟೋಕೆ ಸಾಲ ಮಾಡಿದ್ರೆ ಮನೆ ಇರುತ್ತೆ, ಹಾಲು ತರಕಾರಿಗೆ ಸಾಲ ಮಾಡಿದ್ರೆ ತಿಂಗಳ ಕೊನೆಗೆ ಏನಿರುತ್ತೆ? ಬಡ್ಡಿನೇ ವರ್ಷಕ್ಕೆ 40 ಸಾವಿರ ಕೋಟಿ ಮೀರಿದೆ.

ಜನ ಕೂಗಾಡಿದ್ರೆ ಯೋಜನೆ ನಿಲ್ಲುತ್ತಾ?

ನಿಂತಿದೆ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಸ್ಟೀಲ್ ಫ್ಲೈಓವರ್, 1,791 ಕೋಟಿ, 800ಕ್ಕೂ ಹೆಚ್ಚು ಮರ ಕಡೀಬೇಕಿತ್ತು. 2016ರ ಅಕ್ಟೋಬರ್ 16ಕ್ಕೆ ಜನ ಮಾನವ ಸರಪಳಿ ಮಾಡಿದ್ರು, ಸ್ಟೀಲ್ ಫ್ಲೈಓವರ್ ಬೇಡ ಅಂತ. 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಡ್ತು. ಈಗ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆ ಮಾತು, 16 ಕಿಲೋಮೀಟರ್ ಚಿಲ್ಲರೆ, 17 ಸಾವಿರ ಕೋಟಿ ಮೇಲೆ. ಶಾಸಕರ ಆ 14 ಕೋಟಿ ಸಂಬಳದ ಏರಿಕೆ ಸಾವಿರ ವರ್ಷ ಕೊಟ್ರೂ ಇಷ್ಟಾಗಲ್ಲ. ಕಾರಿಲ್ಲದೋರು, ಬೈಕಿನೋರು, ಬಸ್ಸಿನೋರು ಬೆಂಗಳೂರಲ್ಲಿ ಎಷ್ಟಿದಾರೆ, ಅವ್ರಿಗೆ ಆ ಸುರಂಗದಿಂದ ಏನು ಅಂತ ನಾನೂ ಕೇಳ್ತಾ ಇದೀನಿ. ನಮ್ಮ ತುಮಕೂರಿನೋರೂ ಅದಕ್ಕೆ ಕಟ್ಟೋರೇ ತಾನೆ.

ಸಿಎಜಿ ವರದಿ ಅಂತಾರಲ್ಲ, ಅದ್ರಿಂದ ಏನಾದ್ರೂ ಆಗುತ್ತಾ?

ಸಿಎಜಿ, ಅಂದ್ರೆ ಮಹಾಲೇಖಪಾಲರು, ಇಲಾಖೆಗಳ ಲೆಕ್ಕ ನೋಡಿ ವರದಿ ರಾಜ್ಯಪಾಲರಿಗೆ ಕೊಡ್ತಾರೆ, ಅದನ್ನ ಸದನದಲ್ಲಿ ಮಂಡಿಸ್ಬೇಕು, ಆಮೇಲೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತೆ, ಸಂಪ್ರದಾಯದ ಪ್ರಕಾರ ಅದಕ್ಕೆ ವಿರೋಧ ಪಕ್ಷದೋರೇ ಅಧ್ಯಕ್ಷರು. ಕೇಳೋಕೆ ಚೆನ್ನಾಗಿದೆ. ವರದಿ ಬರೋ ಹೊತ್ತಿಗೆ ಖರ್ಚಾಗಿ ಎರಡು ಮೂರು ವರ್ಷ ಆಗಿರುತ್ತೆ, ಮಾಡಿದ ಇಂಜಿನಿಯರ್ ರಿಟೈರ್ಡ್, ಮಂತ್ರಿ ಬೇರೆ ಪಾರ್ಟಿ. ಆದ್ರೂ ಓದಿ, ಕನ್ನಡದಲ್ಲೂ ಸಿಗುತ್ತೆ, ನಿಮ್ಮ ತಾಲ್ಲೂಕಿನ ಹೆಸರು ಹುಡುಕಿ ನೋಡಿ, ಅರ್ಧಕ್ಕೆ ನಿಂತ ನೀರಿನ ಟ್ಯಾಂಕು, ಬೀಗ ಹಾಕಿದ ಹಾಸ್ಟೆಲ್ಲು ಏನಾದ್ರೂ ಒಂದು ಸಿಗುತ್ತೆ.

ನಮ್ಮೂರಿನ ಲೆಕ್ಕ ನಾನೊಬ್ನೇ ಹೆಂಗೆ ಕೇಳೋದು?

ಹಳ್ಳಿಯೋರಾದ್ರೆ ಪಂಚಾಯ್ತೀಲಿ ವರ್ಷಕ್ಕೊಮ್ಮೆ ಜಮಾಬಂದಿ ಅಂತ ಆಗುತ್ತೆ, ಲೆಕ್ಕ ಎಲ್ಲಾ ಜನರ ಮುಂದೆ ಓದ್ಬೇಕು, ಮಾಡಿದ ಕಾಮಗಾರೀನ ಹೋಗಿ ತೋರಿಸ್ಬೇಕು. ಹೆಚ್ಚಿನ ಕಡೆ ಹತ್ತು ಜನ ಸಹಿ ಹಾಕಿ ಟೀ ಕುಡಿದು ಎದ್ದೋಗ್ತಾರೆ. ನೀವು ಹೋಗಿ ಕೂತ್ಕೊಳ್ಳಿ.

ಪೇಟೆಯೋರಿಗೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಇದ್ರೆ ಅದೂ ಬೇಡ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದದೊಳಗೆ, ಇದು ಮರೆತ್ರೆ ವಾಪಸ್ ಕಳಿಸೋಕೆ ಅವ್ರಿಗೆ ನೆಪ ಸಿಕ್ಕಂಗೆ. "ನಮ್ಮ ರಸ್ತೆಗೆ ಎಷ್ಟು ತಿಂದ್ರಿ" ಅಂತ ಬರೀಬೇಡಿ. ರಸ್ತೆ ಹೆಸರು, ಎಲ್ಲಿಂದ ಎಲ್ಲಿಗೆ, ಯಾವ ವರ್ಷ ಅಂತ ಹಾಕಿ, ಅಂದಾಜು ಪಟ್ಟಿ, ವರ್ಕ್ ಆರ್ಡರ್, ಮೆಷರ್‌ಮೆಂಟ್ ಬುಕ್ ಪುಟಗಳ ದೃಢೀಕೃತ ನಕಲು ಕೊಡಿ ಅಂತ ಕೇಳಿ. ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬರ್ಬೇಕು, ಬರ್ಲಿಲ್ಲ ಅಂದ್ರೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಮಾಹಿತಿ ಆಯೋಗ.

ನಾನು ನಮ್ಮ ಬೀದಿ ಬಗ್ಗೆ ಹಾಕಿದ್ದೆ. 31 ಪುಟ ಬಂತು, 62 ರೂಪಾಯಿ. ಅದರಲ್ಲಿ ಡಾಂಬರಿನ ದಪ್ಪ ಬರೆದಿತ್ತು, ನಾನು ಪೈಪಿನೋರು ಅಗೆದ ಗುಂಡಿ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗ್ದಿಟ್ಟಿದ್ದೆ. ಎರಡನ್ನೂ ಒಂದು ಕವರಿಗೆ ಹಾಕಿ ಕಳ್ಸಿದೀನಿ, ಸ್ವೀಕೃತಿ ಸೀಲ್ ಹಾಕಿಸ್ಕೊಂಡಿದೀನಿ. ಉತ್ತರ ಬಂದ್ಮೇಲೆ ಇದೇ ಪ್ರಶ್ನೆ ಕೆಳಗೆ ಸೇರಿಸ್ತೀನಿ.